ವಾಡಿಯಿಂದ ಚಿಂಚೋಳಿಗೆ ಐದು ನಿಮಿಷ

ನನ್ನ ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಡುವುದು ಕಡಿಮೆ, ಕೇಳದ್ದಕ್ಕೆ ಮಾತ್ರ ಸವಿಸ್ತಾರವಾಗಿ ಕೊಡುತ್ತದೆ. ಮೊನ್ನೆ, ವಾಡಿಯಿಂದ ಚಿಂಚೋಳಿಗೆ ಬೆಳಗ್ಗೆ ಹೊರಟರೆ ಎಷ್ಟಕ್ಕೆ ಮುಟ್ಟಬಹುದು ಎಂದು ಕೇಳಿದೆ. ಅದು ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ಈ ಎರಡು ಊರುಗಳ ನಡುವಿನ ವಿಮಾನದೂರ ಸುಮಾರು ಅರವತ್ತೈದು ಕಿಲೋಮೀಟರು, ಹಾರಾಟದ ಅವಧಿ ಐದು ನಿಮಿಷ ಎಂದು ತಿಳಿಸಿತು. ಎರಡೂ ಊರುಗಳ ಗಡಿಯಾರದಲ್ಲಿ ವ್ಯತ್ಯಾಸವಿಲ್ಲ, ಹಾಗಾಗಿ ಇಳಿದ ಮೇಲೆ ಕೈಗಡಿಯಾರ ತಿದ್ದಿಕೊಳ್ಳುವ ತೊಂದರೆಯಿಲ್ಲ ಎಂದು ಧೈರ್ಯವನ್ನೂ ಹೇಳಿತು.

ವಾಡಿಯಲ್ಲಿ ವಿಮಾನ ಹತ್ತಲು ಜಾಗವಿಲ್ಲ, ಚಿಂಚೋಳಿಯಲ್ಲಿ ಇಳಿಯಲು ಜಾಗವಿಲ್ಲ ಎಂಬ ಸಣ್ಣ ವಿಷಯವನ್ನು ಅದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲವೇನೋ. ಲೆಕ್ಕ ಲೆಕ್ಕವೇ. ನಾನು ಹುರುಪಿನಿಂದ ಒಂದೊಂದೇ ಜೋಡಿ ಊರು ಹಾಕಿ ನೋಡುತ್ತ ಕುಳಿತೆ. ಸೇಡಂನಿಂದ ಚಿತ್ತಾಪುರಕ್ಕೆ ಎರಡು ನಿಮಿಷಕ್ಕೂ ಕಡಿಮೆ. ವಾಡಿಯಿಂದ ಶಹಾಬಾದಿಗೆ ಒಂದು ನಿಮಿಷವೂ ಇಲ್ಲ. ನನ್ನ ಹೆಂಡತಿ ಶಹಾಬಾದಿನವಳು. ಅಲ್ಲಿಗೆ ಹೋಗುವಾಗ ಅವಳಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ. ಅಲ್ಲಿಂದ ಬರುವಾಗ ಮಾತ್ರ ವಾರವಾಗುತ್ತದೆ. ಒಂದೇ ದಾರಿ ಹೋಗುವಾಗ ಇಷ್ಟು, ಬರುವಾಗ ಅಷ್ಟು ಹೇಗಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಲೆಕ್ಕದ ಮಾಸ್ತರಿಗೆ ಇಷ್ಟು ತಿಳಿಯದಿದ್ದರೆ ತಾನೇನು ಮಾಡಲಿ ಎಂದಳು.

ಹೌದು, ನಾನು ಲೆಕ್ಕದ ಮಾಸ್ತರ. ವಾಡಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ದೂರ, ಕಾಲ, ವೇಗ ಎಂಬ ಪಾಠ ಮಾಡುತ್ತಿದ್ದೇನೆ. ಒಂದು ಊರಿನಿಂದ ಒಂದು ಗಾಡಿ, ಇನ್ನೊಂದು ಊರಿನಿಂದ ಇನ್ನೊಂದು ಗಾಡಿ ಎದುರುಬದುರಾಗಿ ಹೊರಡುತ್ತವೆ, ಎಲ್ಲಿ ಭೇಟಿಯಾಗುತ್ತವೆ ಎಂಬ ಲೆಕ್ಕವನ್ನು ನಿದ್ದೆಯಲ್ಲೂ ಬಿಡಿಸಬಲ್ಲೆ. ಆದರೆ ಒಪ್ಪಿಕೊಂಡುಬಿಡುತ್ತೇನೆ: ನಾನೇ ಗಾಡಿಯಾದಾಗ ಆ ಲೆಕ್ಕ ಕೂಡುವುದಿಲ್ಲ. ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷ ಮುಂಚೆ ಹೋಗುತ್ತೇನೆ. ಅಲ್ಲಿ ಯಾರೋ ಒಬ್ಬರು ಸಿಗುತ್ತಾರೆ. ಚಹಾ ಬರುತ್ತದೆ. ಚಹಾದ ಹಿಂದೆ ಮಾತು ಬರುತ್ತದೆ. ಮಾತಿನ ಹಿಂದೆ ಬಸ್ಸು ಬಂದು, ನಮ್ಮನ್ನು ನೋಡಿ, ಹೋಗಿರುತ್ತದೆ. ಪುಸ್ತಕದ ಗಾಡಿಗಳಿಗೆ ಪರಿಚಯದವರು ಇರುವುದಿಲ್ಲ. ಅವು ಹೊತ್ತಿಗೆ ಸರಿಯಾಗಿ ಮುಟ್ಟುವುದರ ಗುಟ್ಟು ಅದೇ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಅವರು ದೂರವನ್ನು ಕೂಗಳತೆ, ಹರದಾರಿ, ಗಾವುದ ಎಂದು ಅಳೆದರು. ಕೂಗಿದರೆ ಕೇಳಿಸುವಷ್ಟು ದೂರ ಎಂದರೆ ಕೂಗುವವನ ಗಂಟಲು, ಕೇಳುವವನ ಕಿವಿ, ಬೀಸುವ ಗಾಳಿ ಎಲ್ಲವೂ ಲೆಕ್ಕದೊಳಗೆ ಬಂದುಬಿಟ್ಟವು. ನಮ್ಮ ಕಡೆಯ ಮುದುಕರು ಇನ್ನೂ ಒಂದು ಬೀಡಿ ದಾರಿ, ಎರಡು ಬೀಡಿ ದಾರಿ ಎನ್ನುತ್ತಾರೆ. ಚಿಂಚೋಳಿಯ ಆಚೆ, ಕಾಡು ಗುಡ್ಡದ ಕಡೆ ಹೋದರೆ ಎಲ್ಲದಕ್ಕೂ ಒಂದೇ ಅಳತೆ: ‘ಇಲ್ಲೇ ಅದ’. ಆ ಇಲ್ಲೇ ಎಷ್ಟು ಉದ್ದ ಎಳೆದು ಹೇಳಿದರು ಎಂಬುದನ್ನು ನೋಡಿಕೊಂಡು ನಾವು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳಬೇಕು.

ತಡವಾಗಿ ಮುಟ್ಟುವುದರಲ್ಲಿ ನಮ್ಮ ನೆಲಕ್ಕೆ ಸಾಕಷ್ಟು ಇತಿಹಾಸವೂ ಇದೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಮೌರ್ಯ ದೊರೆಯ ಶಾಸನದ ಕಲ್ಲೊಂದು ಸಿಕ್ಕಿತು. ಎಲ್ಲರೊಡನೆ ಹೊಂದಿಕೊಂಡು ಬಾಳಿರಿ ಎಂದು ಆತ ನಮ್ಮ ಊರವರಿಗೆ ಹೇಳಿ ಕಳಿಸಿದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ. ಆ ಕಲ್ಲು ಎಷ್ಟೋ ಶತಮಾನ ದೇವಿಯ ಗುಡಿಯೊಳಗೆ ಸೇರಿಕೊಂಡು ಯಾರೂ ಓದದೆ ಬಿದ್ದಿತ್ತು. ನಾವು ಓದಿಕೊಂಡದ್ದು ಮೊನ್ನೆ ಮೊನ್ನೆ. ನನ್ನ ಹೆಂಡತಿ ನನ್ನ ವಿಳಂಬದ ಮಾತೆತ್ತಿದಾಗಲೆಲ್ಲ ಈ ಕಲ್ಲನ್ನು ಸಾಕ್ಷಿಗೆ ಕರೆಯುತ್ತೇನೆ. ಕಲ್ಲಾದರೂ ಬಂದು ಮುಟ್ಟಿತು ಎಂದು ಅವಳು ಹೇಳುತ್ತಾಳೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನಮ್ಮ ಕಡೆಯ ಒಂದು ಪದ್ಧತಿಯನ್ನು ನಿಮಗೆ ಹೇಳದೆ ಮುಂದಿನದು ಹೇಳಲಾಗುವುದಿಲ್ಲ. ದಾರಿಯಲ್ಲಿದ್ದವನಿಗೆ ಫೋನು ಮಾಡಿ ಎಲ್ಲಿದ್ದಿ ಎಂದು ಕೇಳಿದರೆ, ನಮ್ಮಲ್ಲಿ ಯಾರೂ ಇದ್ದ ಊರು ಹೇಳುವುದಿಲ್ಲ. ಮುಂದಿನ ಊರು ಹೇಳುತ್ತಾರೆ. ಮನೆಯಲ್ಲಿ ಸ್ನಾನಕ್ಕೆ ನಿಂತವನು ಬಸ್ ಸ್ಟ್ಯಾಂಡಿನಲ್ಲಿದ್ದೇನೆ ಎನ್ನುತ್ತಾನೆ. ವಾಡಿಯಲ್ಲಿ ಇದ್ದವನು ಚಿತ್ತಾಪುರ ದಾಟಿದೆ ಎನ್ನುತ್ತಾನೆ. ಚಿತ್ತಾಪುರದಲ್ಲಿ ಇದ್ದವನು ಸೇಡಂ ಬಿಟ್ಟೆ ಎನ್ನುತ್ತಾನೆ. ಇದನ್ನು ಸುಳ್ಳು ಎಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಮನಸ್ಸು ಆಗಲೇ ಅಲ್ಲಿಗೆ ಹೋಗಿರುತ್ತದೆ, ದೇಹ ಹಿಂದಿನಿಂದ ಬರುತ್ತದೆ, ಅಷ್ಟೇ. ಕೇಳುವವರೂ ಅಷ್ಟೇ ಸಲೀಸಾಗಿ ಒಂದು ಊರು ಕಳೆದುಕೊಂಡು, ಅದಕ್ಕೆ ತಕ್ಕಂತೆ ರೊಟ್ಟಿಯ ಹಂಚು ಒಲೆಯ ಮೇಲಿಡುತ್ತಾರೆ. ಹೇಳುವವನು ಒಂದು ಕೂಡಿಸುತ್ತಾನೆ, ಕೇಳುವವಳು ಒಂದು ಕಳೆಯುತ್ತಾಳೆ, ಉಣ್ಣುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರುತ್ತದೆ. ಇಷ್ಟು ಅಚ್ಚುಕಟ್ಟಾದ ಸಮೀಕರಣವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಈ ಸಮೀಕರಣವನ್ನು ಕೆಡಿಸಿದವನು ನಾನು.

ನನ್ನ ತಂಗಿ ನೀಲಾಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. ಅವಳ ಮಗಳು ಗೌರಿಗೆ ಮೂರು ತುಂಬುವಾಗ ಜವಳದ ಕಾರ್ಯ ಇಟ್ಟುಕೊಂಡರು. ಜವಳ ಎಂದರೆ ಮಗುವಿನ ಹುಟ್ಟುಗೂದಲು ತೆಗೆಸುವುದು. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಹಾಕಬೇಕು. ಉಳಿದದ್ದು ಕ್ಷೌರದ ಮಲ್ಲಣ್ಣನ ಕೆಲಸ. ಸೋದರಮಾವ ಇಲ್ಲದೆ ಜವಳವಿಲ್ಲ, ಮತ್ತು ನೀಲಾಳಿಗೆ ಇರುವ ಅಣ್ಣ ನಾನೊಬ್ಬನೇ. ಕಾರ್ಯ ಬುಧವಾರ. ನಾವು ಬಸವಣ್ಣನವರನ್ನು ನಂಬಿದ ಮನೆತನದವರು, ಎಲ್ಲ ಕಾಲವೂ ಒಳ್ಳೆಯ ಕಾಲವೇ ಎಂದು ಸಭೆಯಲ್ಲಿ ಹೇಳುತ್ತೇವೆ. ಆದರೂ ನೀಲಾಳ ಅತ್ತೆಯವರು, ಬುಧವಾರ ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಕತ್ತರಿ ಬೀಳಲಿ ಎಂದಿದ್ದರು. ಬಸವಣ್ಣನವರಿಗೆ ಗೊತ್ತಾಗುವುದು ಆಮೇಲೆ, ಅತ್ತೆಯವರಿಗೆ ಗೊತ್ತಾಗುವುದು ಆಗಲೇ.

ಅಂದು ವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಚಹಾ ಬಂತು, ಮಾತು ಬಂತು, ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ನೀಲಾ ಫೋನು ಮಾಡಿದಳು. ಪದ್ಧತಿಯ ಪ್ರಕಾರ ನಾನು ಚಿತ್ತಾಪುರ ಎನ್ನಬೇಕಿತ್ತು. ನಾಚಿಕೆಯ ಭರದಲ್ಲಿ ಸೇಡಂ ದಾಟಿದೆ ಎಂದುಬಿಟ್ಟೆ. ಅವಳು ನಿಯಮದಂತೆ ಒಂದು ಊರು ಕಳೆದು, ಅಣ್ಣ ಚಿತ್ತಾಪುರದಲ್ಲಿದ್ದಾನೆ, ಹೊತ್ತಿಗೆ ಬರುತ್ತಾನೆ ಎಂದು ನೆಮ್ಮದಿಯಿಂದ ಕುಳಿತಳು. ನಾನು ಅವಳ ಅಂಗಳದಲ್ಲಿ ಕಾಲಿಟ್ಟಾಗ ಒಂದೂಕಾಲು. ಗೌರಿಯ ತಲೆ ನುಣ್ಣಗೆ ಹೊಳೆಯುತ್ತಿತ್ತು.

ಮೊದಲ ಕತ್ತರಿ ಹಾಕಿದವರು ಪಕ್ಕದ ಅಂಗಡಿಯ ಟೇಲರ್ ಮಕ್ಬೂಲ್ ಭಾಯಿ. ಅವರ ಮನೆತನ ಎಷ್ಟೋ ತಲೆಮಾರಿನಿಂದ ಆ ಓಣಿಯಲ್ಲಿದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನೀಲಾ ಓಡಿಹೋಗಿ, ಭಾಯಿ, ನೀವು ನನಗೆ ಅಣ್ಣ ಹೌದೋ ಅಲ್ಲೋ ಎಂದು ಕೇಳಿದಳಂತೆ. ಅವರು ಹೊಲಿಯುತ್ತಿದ್ದ ಜುಬ್ಬಾ ಬಿಟ್ಟು, ಕೈಯಲ್ಲಿದ್ದ ಕತ್ತರಿಯ ಸಮೇತ ಎದ್ದು ಬಂದರಂತೆ. ಟೇಲರು ನೋಡಿ, ಕತ್ತರಿ ಹುಡುಕುವ ಪ್ರಮೇಯವೇ ಬರಲಿಲ್ಲ. ಬಹಳ ಚಂದ ಕತ್ತರಿಸಿದರು ಎಂದು ಅತ್ತೆಯವರು ನನ್ನೆದುರಿಗೇ ಎರಡು ಸಲ ಹೇಳಿದರು.

ಅಂದಿನಿಂದ ಗೌರಿಗೆ ಮಕ್ಬೂಲ್ ಭಾಯಿಯೇ ‘ಮಾಮಾ’. ಮಗು ಬಾಯಿ ತುಂಬ ಕರೆಯುತ್ತಿತ್ತು. ನನ್ನನ್ನು ಏನು ಕರೆಯುತ್ತಿತ್ತು ಗೊತ್ತೇ? ‘ವಾಡಿ ಸರ್’. ನನ್ನ ಒಡಹುಟ್ಟಿದ ತಂಗಿಯ ಮಗಳಿಗೆ ನಾನು ಸರ್. ಚಿಂಚೋಳಿಗೆ ಹೋದಾಗಲೆಲ್ಲ ಅಂಗಡಿಯ ಹೊಲಿಗೆ ಯಂತ್ರದ ಸದ್ದು ಕೇಳಿದರೆ ನನಗೆ ಹೊಟ್ಟೆಕಿಚ್ಚು ಏಳುತ್ತಿತ್ತು. ಮಕ್ಬೂಲ್ ಭಾಯಿ ಒಳ್ಳೆಯ ಮನುಷ್ಯರಾಗಿದ್ದುದು ಇನ್ನೂ ಕಷ್ಟಕ್ಕೆ ಬಂತು. ಕೆಟ್ಟವರಾಗಿದ್ದರೆ ಹಾಯಾಗಿ ಸಿಟ್ಟು ಮಾಡಬಹುದಿತ್ತು. ಅವರು ನನ್ನನ್ನು ಕಂಡರೆ ಎದ್ದು ನಿಂತು, ಬರ್ರಿ ಮಾಸ್ತರ್, ಕುಂದ್ರಿ ಎಂದು ಸ್ಟೂಲು ಒರೆಸಿ ಕೊಡುತ್ತಿದ್ದರು.

ಇದಾಗಿ ಮೂರು ವರ್ಷದ ಮೇಲೆ ಈಗ ಗೌರಿಯ ತಮ್ಮ ಬಸುವಿನ ಜವಳ. ಮತ್ತೆ ಬುಧವಾರ, ಮತ್ತೆ ಹನ್ನೆರಡರೊಳಗೆ. ನೀಲಾ ಫೋನಿನಲ್ಲಿ ಶಾಂತವಾಗಿ ಹೇಳಿದಳು:

“ಅಣ್ಣಾ, ಈ ಸಲ ನೀ ತಡಾ ಮಾಡಿದ್ರ ನಾ ಜಗಳ ಆಡಂಗಿಲ್ಲ. ಸುಮ್ನ ಮಕ್ಬೂಲ್ ಭಾಯಿಗೆ ಕರೀತೀನಿ. ಆಮ್ಯಾಲ ಬಸೂಗೂ ಅವ್ರೇ ಮಾಮಾ.”

ಅವಳು ಕೂಗಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವಳ ಆ ಶಾಂತ ದನಿಯಲ್ಲಿ ಮೂರು ವರ್ಷದ ಹಿಂದಿನ ನೋವು ಹಾಗೆಯೇ ಇತ್ತು. ಊರವರೆದುರು, ಅತ್ತೆಯೆದುರು, ತವರಿನವನು ಬರಲಿಲ್ಲ ಎನ್ನಿಸಿಕೊಳ್ಳುವುದು ಹೆಣ್ಣುಮಗಳಿಗೆ ಸಣ್ಣ ಮಾತಲ್ಲ. ಆ ರಾತ್ರಿಯೇ ಮೊಬೈಲು ಹಿಡಿದು ದಾರಿ ಹುಡುಕಲು ಕುಳಿತದ್ದು, ಅದು ಐದು ನಿಮಿಷ ಎಂದು ನನ್ನನ್ನು ಅಣಕಿಸಿದ್ದು.

ಹಿಂದಿನ ದಿನವೇ ಹೋಗಬಹುದಿತ್ತು. ಆದರೆ ಮಂಗಳವಾರ ಶಾಲೆಯಲ್ಲಿ ಪರೀಕ್ಷೆ, ನನಗೆ ಕೋಣೆ ಕಾಯುವ ಕೆಲಸ. ಹೋಳಿಗೆ ಮಾಡಲು ಕೈಯಾಗಲಿ ಎಂದು ಹೆಂಡತಿಯನ್ನು ಮುಂದೆ ಕಳಿಸಿದೆ. ಬುಧವಾರ ಬೆಳಗ್ಗೆ ರೈಲಿಗೆ ಅರ್ಧ ತಾಸು ಮೊದಲೇ ಸ್ಟೇಷನ್ನಿಗೆ ಹೋಗಿ, ಪರಿಚಯದವರು ಕಾಣದಂತೆ ಕಂಬದ ಹಿಂದೆ ನಿಂತೆ. ಎರಡು ಪ್ರತಿಜ್ಞೆ ಮಾಡಿಕೊಂಡಿದ್ದೆ. ಒಂದು, ದಾರಿಯಲ್ಲಿ ಯಾರೊಡನೆಯೂ ಚಹಾ ಕುಡಿಯುವುದಿಲ್ಲ. ಇನ್ನೊಂದು, ಎಲ್ಲಿದ್ದಿ ಎಂದು ಯಾರೇ ಕೇಳಲಿ, ಇದ್ದ ಊರನ್ನೇ ಹೇಳುತ್ತೇನೆ.

ರೈಲು ಹೊತ್ತಿಗೆ ಬಂತು, ಹೊತ್ತಿಗೆ ಬಿಟ್ಟಿತು. ಚಿತ್ತಾಪುರ ಹೋಯಿತು. ಮಳಖೇಡ ರೋಡ್ ಹೋಯಿತು. ರಾಷ್ಟ್ರಕೂಟರು ಇಲ್ಲಿಂದ ಆನೆ ಕುದುರೆ ಕಟ್ಟಿಕೊಂಡು ಎಲ್ಲೆಲ್ಲಿಗೋ ದಂಡಯಾತ್ರೆ ಹೋದರಲ್ಲ, ಅವರ ಹೆಂಡಂದಿರು ಎಲ್ಲಿದ್ದೀರಿ ಎಂದು ಓಲೆ ಕಳಿಸಿದರೆ ಒಂದು ನದಿ ಮುಂದೆ ಬರೆಯುತ್ತಿದ್ದರೋ ಏನೋ ಎಂದು ಯೋಚಿಸಿದೆ. ಸೇಡಂನಲ್ಲಿ ಇಳಿದಾಗ ಎಂಟೂವರೆ. ಸೇಡಂ ಸ್ಟೇಷನ್ನಿನ ಹೊರಗೆ ಒಬ್ಬರು ಮಿರ್ಚಿ ಭಜಿ ಕರಿಯುತ್ತಾರೆ. ಆ ದಾರಿಯಲ್ಲಿ ಹೋಗಿ ಭಜಿ ತಿನ್ನದೆ ಮುಂದೆ ಹೋದ ದಾಖಲೆ ನನ್ನ ಜೀವನದಲ್ಲಿ ಇರಲಿಲ್ಲ. ನೀಲಾಳಿಗೂ ಇದು ಗೊತ್ತು, ಓಣಿಗೆಲ್ಲ ಗೊತ್ತು. ಅಂದು ಮೂಗು ಬಿಗಿಹಿಡಿದು ದಾಟಿಹೋದೆ. ಭಜಿಯವರು ಬಾಣಲೆಯಿಂದ ತಲೆಯೆತ್ತಿ, ಆರಾಮ ಇದ್ದೀರಿಲ್ರೀ ಸರ್ ಎಂದು ಆತಂಕದಿಂದ ಕೇಳಿದರು.

ಒಂಬತ್ತಕ್ಕೆ ಚಿಂಚೋಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಊರು ಬಿಟ್ಟು, ಎರಡೂ ಕಡೆ ತೊಗರಿ ಹೊಲ ಶುರುವಾದಾಗ ಫೋನು ಬಂತು.

“ಎಲ್ಲಿ ಬಂದಿ ಅಣ್ಣಾ?”

“ಸೇಡಂ ಬಿಟ್ಟೀನವ್ವಾ. ಚಿಂಚೋಳಿ ಬಸ್ಸಿನ್ಯಾಗೇ ಕುಂತೀನಿ.”

ಆ ಕಡೆ ಯಾರೊಡನೆಯೋ ಪಿಸುಮಾತು ಕೇಳಿಸಿತು.

“ಸೇಡಂ ಏನು?”

“ಸೇಡಂ.”

“ಆತು. ಹುಷಾರಿಲೆ ಬಾ,” ಎಂದು ಇಟ್ಟಳು.

ಆ ಪಿಸುಮಾತು ಸಂತೋಷದ್ದು ಎಂದೇ ನಾನು ತಿಳಿದೆ. ಮಕ್ಬೂಲ್ ಭಾಯಿಯ ಮುಖ ಹೇಗಾಗಬಹುದು ಎಂದು ಕಲ್ಪಿಸಿಕೊಳ್ಳುತ್ತ ಹೊರಗೆ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಎದುರಿನಿಂದ ಒಂದು ಮೋಟಾರ್ ಸೈಕಲ್ಲು ಧೂಳೆಬ್ಬಿಸಿಕೊಂಡು ಬಂದು, ನಮ್ಮ ಬಸ್ಸನ್ನು ಸವರಿದಂತೆ ಹಾಯ್ದು ಸೇಡಂ ಕಡೆ ಹೋಯಿತು. ಮುಖಕ್ಕೆಲ್ಲ ಟವಲು ಸುತ್ತಿಕೊಂಡ ಸವಾರ ಗಾಡಿಯ ಮೇಲೆ ಬಾಗಿ ಕುಳಿತಿದ್ದ. ಪಕ್ಕದವರಿಗೆ ನಾನೇ ಹೇಳಿದೆ: “ನೋಡ್ರಿ, ಏನ್ ಅವಸರ ಇರ್ತದೋ ಮಂದಿಗೆ. ಮನ್ಯಾಗ ಒಂದ್ ಹತ್ ನಿಮಿಷ ಮೊದ್ಲು ಬಿಡಂಗಿಲ್ಲ.” ಹೊತ್ತಿಗೆ ಹೊರಟವನಿಗೆ ಎಷ್ಟು ಬೇಗ ಗರ್ವ ಬರುತ್ತದೆ ಎಂಬುದನ್ನು ಅಂದೇ ಕಂಡುಕೊಂಡೆ.

ಹತ್ತೂವರೆಗೆ ನೀಲಾಳ ಅಂಗಳದಲ್ಲಿ ನಿಂತಿದ್ದೆ. ತೊಳೆದ ಶಹಾಬಾದ್ ಕಲ್ಲಿನ ಮೇಲೆ ರಂಗೋಲಿ ಇನ್ನೂ ಹಸಿಯಾಗಿತ್ತು. ಮಲ್ಲಣ್ಣ ಮೂಲೆಯಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದ. ನೀಲಾ ತಟ್ಟೆ ಹಿಡಿದು ಹೊರಗೆ ಬಂದವಳು ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

“ಹ್ಯಾಂಗ ಬಂದಿ? ವಾಡಿಲಿಂದ ತಾಸಿನ್ಯಾಗ ಹ್ಯಾಂಗ ಬಂದಿ? ವಿಮಾನದಾಗ ಬಂದಿ ಏನು?”

ಸೇಡಂ ಅಂತ ಹೇಳಿದೆನಲ್ಲ ಎಂದೆ. ಹಿಂದಿನಿಂದ ನನ್ನ ಹೆಂಡತಿ ಬಂದಳು, ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು. ಆಗ ಸಂಗತಿ ಹೊರಬಿತ್ತು. ನಾನು ಸೇಡಂ ಎಂದಾಗ ನೀಲಾ ಎಷ್ಟು ಕಳೆಯಬೇಕೆಂದು ತನ್ನ ವೈನಿಯನ್ನು, ಅಂದರೆ ನನ್ನ ಹೆಂಡತಿಯನ್ನು, ಕೇಳಿದ್ದಳು. ನನ್ನೊಡನೆ ಹದಿನೆಂಟು ವರ್ಷ ಸಂಸಾರ ಮಾಡಿದವಳು ಅಧಿಕಾರವಾಣಿಯಿಂದ, ನಿಮ್ಮ ಅಣ್ಣಂದು ಎರಡು ಊರು ಕಳೀರಿ ಎಂದಿದ್ದಳು. ಸೇಡಂನಿಂದ ಒಂದು ಕಳೆದರೆ ಚಿತ್ತಾಪುರ, ಎರಡು ಕಳೆದರೆ ವಾಡಿ. ಅಂದರೆ ನಾನು ಇನ್ನೂ ಮನೆ ಬಿಟ್ಟಿಲ್ಲ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ನಾನು ಜೀವನದಲ್ಲಿ ಮೊದಲ ಸಲ ನಿಜ ಹೇಳಿದ್ದೆ, ಅದನ್ನು ಮನೆಯವರು ಪದ್ಧತಿಯ ಪ್ರಕಾರ ಸರಿಪಡಿಸಿದ್ದರು.

ಹಾಗಾದರೆ ಮಕ್ಬೂಲ್ ಭಾಯಿಗೆ ಹೇಳಿಬಿಟ್ಟಿರಾ ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಹೇಳಿದ್ದರು. ಭಾಯಿ ಹೊಸ ಕತ್ತರಿ ಕೊಡಲೆಂದು ಬಂದು ಇಲ್ಲಿಯೇ ಕುಳಿತಿದ್ದರು. ಜವಳಕ್ಕೆ ಅಂಗಡಿಯ ಹಳೆಯ ಕತ್ತರಿ ಬೇಡವೆಂದು ತಾವೇ ಹೊಸದು ತಂದು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅಣ್ಣ ಇನ್ನೂ ವಾಡಿಯಲ್ಲಿದ್ದಾನೆ, ನೀವೇ ಹಾಕಿಬಿಡ್ರಿ ಎಂದು ನೀಲಾ ಹೇಳಿದಾಗ ಅವರು ಒಪ್ಪಲಿಲ್ಲವಂತೆ. ಒಂದು ಸಲ ಆದದ್ದು ಸಾಕು, ಎರಡನೆಯ ಸಲವೂ ಆದರೆ ಮಾಸ್ತರ ಮನಸ್ಸಿಗೆ ಭಾಳ ಹತ್ತುತ್ತದೆ ಎಂದರಂತೆ. ಮಾಸ್ತರು ಸೇಡಂವರೆಗೆ ಹೇಗಾದರೂ ಬರುತ್ತಾರೆ, ಅಲ್ಲಿಂದ ಬಸ್ಸಿಗೆ ಕಾಯುವುದು ಬೇಡ, ನಾನು ಗಾಡಿಯ ಮೇಲೆ ಕರೆತರುತ್ತೇನೆ ಎಂದು ಟವಲು ಸುತ್ತಿಕೊಂಡು ಹೊರಟೇಬಿಟ್ಟರಂತೆ.

ನಾನು ಅಂಗಳದ ಕಲ್ಲಿನ ಮೇಲೆ ಕುಳಿತುಬಿಟ್ಟೆ. ನನ್ನನ್ನು ಮಾಮಾ ಮಾಡಲು ಆ ಮನುಷ್ಯ ಧೂಳು ಕುಡಿಯುತ್ತ ಹೋಗಿದ್ದರು, ನಾನು ಕಿಟಕಿಯಿಂದ ಅವರಿಗೇ ಬುದ್ಧಿ ಹೇಳಿದ್ದೆ. ಮೂರು ವರ್ಷ ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ಆಗ ಆದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಅವರಿಗೆ ಫೋನು ಮಾಡಿ ಎಂದೆ. ಮಾಡಿದರು. ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಫೋನು ರಿಂಗಾಯಿತು. ಅವಸರದಲ್ಲಿ ಫೋನು ಬಿಟ್ಟು ಹೋಗಿದ್ದರು. ಕತ್ತರಿ ಮಾತ್ರ ಜೇಬಿನಲ್ಲೇ ಹೋಗಿತ್ತು. ಜವಳದ ಮಗು ಇಲ್ಲಿ, ಸೋದರಮಾವ ಇಲ್ಲಿ, ಕತ್ತರಿ ಸೇಡಂನಲ್ಲಿ. ನಾನು ಫೋನನ್ನು ಕೈಯಲ್ಲಿ ಹಿಡಿದು ಅವರ ಸ್ಟೂಲಿನ ಮೇಲೆ ಕಾಯುತ್ತ ಕುಳಿತೆ. ಅರ್ಧ ಗಂಟೆ ದಾಟುವ ಮೊದಲೇ ಯಾವುದೋ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ಹಲೋ, ಯಾರ್ರೀ?” ಎಂದೆ.

“ನಾ ಮಕ್ಬೂಲ್. ನೀವ್ಯಾರು?”

“ನಾ ವಾಡಿ ಮಾಸ್ತರ್ರೀ.”

ಬಹಳ ಯೋಚಿಸಿದ ದನಿ ಬಂತು: “ವಾಡಿನಾಗ ನನ್ನ ಫೋನ್ ಹ್ಯಾಂಗ ಬಂತ್ರೀ ಮಾಸ್ತರ್?”

ಪಾಪ, ಅವರು ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಚಿತ್ತಾಪುರದಿಂದ ಬಂದ ಬಸ್ಸನ್ನೆಲ್ಲ ಜಾಲಾಡಿದ್ದರು. ಬಾಳೆಹಣ್ಣಿನವರೊಬ್ಬರ ಫೋನು ಇಸಿದುಕೊಂಡರೆ, ಅವರಿಗೆ ನೆನಪಿದ್ದುದು ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ತಮ್ಮದೇ ನಂಬರು ಒಂದೇ. ನಾನು ವಿವರಿಸಿದೆ. ಅವರು, ಅಲ್ಲೇ ಇರ್ರಿ, ಬಂದೇಬಿಟ್ಟೆ ಎಂದರು. ಆಗ ಹನ್ನೊಂದಕ್ಕೆ ಐದು ನಿಮಿಷ ಕಡಿಮೆ.

ಸೇಡಂನಿಂದ ಮೋಟಾರ್ ಸೈಕಲ್ಲಿಗೆ ಸುಮಾರು ಒಂದು ತಾಸು. ಅತ್ತೆಯವರು ಗಡಿಯಾರ ನೋಡಿ, ಮಲ್ಲಣ್ಣನ ಕತ್ತರಿ ಏನಾಗಿದೆ, ಅದರಲ್ಲೇ ಮುಗಿಸಿರಿ ಎಂದರು. ತಪ್ಪೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನೊಳಗಿನ ಅರ್ಧ ಮನುಷ್ಯ ಆಗಲೇ ಎದ್ದು ನಿಂತಿದ್ದ. ಬಸುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿಸಿಬಿಟ್ಟರೆ ಮಾಮಾ ಎಂಬ ಪದವಿ ಆ ಕ್ಷಣಕ್ಕೇ ನನ್ನದು. ಮೂರು ವರ್ಷ ಅದಕ್ಕೇ ಕಾದಿದ್ದೆ. ಆದರೆ ಅದನ್ನು ನನಗೆ ಕೊಡಿಸಲು ಹೋದವರು ವಾಪಸು ಬಂದು ಮುಗಿದುಹೋದ ಕಾರ್ಯ ನೋಡಬಾರದು ಎಂದೂ ಅನ್ನಿಸಿತು. ಬರಲಿ, ಅವರಿಗಾಗಿ ಕಾಯೋಣ ಎಂದೆ. ರಾಹುಕಾಲ ಹತ್ತಿದರೆ ಎಂದು ಅತ್ತೆಯವರು ಕೇಳಿದರು. ಹತ್ತಿದರೆ ಬಸವಣ್ಣನವರು ನೋಡಿಕೊಳ್ಳುತ್ತಾರೆ ಎಂದೆ. ನೀಲಾ ನನ್ನನ್ನು 'ಇವನು ನನ್ನ ಅಣ್ಣನೇ ಹೌದೇ' ಎನ್ನುವಂತೆ ನೋಡಿದಳು, ಆಮೇಲೆ ಬಸುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

ಆ ಒಂದು ತಾಸಿನಷ್ಟು ಉದ್ದದ ದಾರಿಯನ್ನು ನಾನು ಯಾವತ್ತೂ ಸವೆಸಿಲ್ಲ, ಅದೂ ಕುಳಿತಲ್ಲಿಯೇ. ಗೌರಿ ಗೇಟಿನ ಮೇಲೆ ಹತ್ತಿ ನಿಂತಿದ್ದಳು. ಮಲ್ಲಣ್ಣ ಮಸೆದ ಕತ್ತಿಯನ್ನೇ ಮತ್ತೆ ಮಸೆದ. ಬಸು ಮೊದಲು ನನ್ನ ಕನ್ನಡಕ ಎಳೆದ, ಆಮೇಲೆ ಪೆನ್ನು ಕಚ್ಚಿದ, ಕೊನೆಗೆ ಬೇಸತ್ತು ನಿದ್ದೆಹೋದ. ನಾಲ್ಕು ಜನರ ನಡುವೆ ಇಷ್ಟು ಹೊತ್ತು ಒಂದು ಮಗುವನ್ನು ಹೊತ್ತು ಕುಳಿತ ನೆನಪು ನನಗಿಲ್ಲ. ಮಾಮಾ ಆಗುವುದು ಕಷ್ಟದ ಕೆಲಸ.

ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಗೌರಿ ಕೂಗಿದಳು. ಮಕ್ಬೂಲ್ ಭಾಯಿ ಗಾಡಿಯನ್ನು ಗೋಡೆಗೆ ಒರಗಿಸಿ, ಟವಲು ಬಿಚ್ಚುತ್ತ ಒಳಗೆ ಬಂದರು. ಟವಲು ಇದ್ದ ಕಡೆ ಮುಖ, ಇಲ್ಲದ ಕಡೆಯೆಲ್ಲ ಕೆಂಧೂಳು. ಜೇಬಿನಿಂದ ಕಾಗದದಲ್ಲಿ ಸುತ್ತಿದ ಕತ್ತರಿ ತೆಗೆದು ನನ್ನ ಕೈಗಿಟ್ಟು ಏದುಸಿರಿನಲ್ಲಿ ನಕ್ಕರು.

“ನಿಮ್ಗ ಕರ್ಕೊಂಡು ಬರ್ಲಿಕ್ಕೆ ನಾ ಹೋಗಿದ್ದೆ ಮಾಸ್ತರ್. ನೀವೇ ನನಗ ಕಾಯ್ಕೋತ ಕುಂತೀರಿ.”

ನಿದ್ದೆಯಲ್ಲಿದ್ದ ಬಸುವಿನ ನೆತ್ತಿಯ ಒಂದು ಎಳೆ ಕೂದಲನ್ನು ಕತ್ತರಿಸಿ ತಟ್ಟೆಗೆ ಹಾಕಿದೆ. ಆಮೇಲೆ ಕತ್ತರಿಯನ್ನು ಮಕ್ಬೂಲ್ ಭಾಯಿಯ ಕಡೆ ಚಾಚಿದೆ. ಅವರು ಬೇಡವೆಂದು ಕೈ ಹಿಂದೆ ಕಟ್ಟಿಕೊಂಡರು. ಆಗ ಗೌರಿ ಗೇಟಿನಿಂದ ಇಳಿದು ಬಂದು, “ಮಾಮಾ, ಹಾಕು” ಎಂದಳು. ಇಬ್ಬರೂ ಅವಳ ಕಡೆ ತಿರುಗಿದೆವು. ಅಭ್ಯಾಸದಿಂದ ಅವರು, ಆಸೆಯಿಂದ ನಾನು. ಅವಳು ನನ್ನನ್ನೂ ಅವರನ್ನೂ ನೋಡಿ, ಮೊದಲು ನನ್ನ ಕಡೆ, ಆಮೇಲೆ ಅವರ ಕಡೆ ಬೆರಳು ತೋರಿಸಿ, ತಿದ್ದಿ ಹೇಳಿದಳು:

“ಆ ಮಾಮಾ ಅಲ್ಲ, ಈ ಮಾಮಾ.”

ಸರ್ ಆಗಿದ್ದವನು ‘ಆ ಮಾಮಾ’ ಆದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಬಡ್ತಿಯೂ ನನಗೆ ಇಷ್ಟು ಹಿತವಾಗಿರಲಿಲ್ಲ. ಮಕ್ಬೂಲ್ ಭಾಯಿ ಎರಡನೆಯ ಕತ್ತರಿ ಹಾಕಿದರು. ಅವರ ಕೈಗುಣ ನಿಜಕ್ಕೂ ಚಂದ, ಅತ್ತೆಯವರು ಹೇಳಿದ್ದು ಸುಳ್ಳಲ್ಲ. ಆಮೇಲೆ ಮಲ್ಲಣ್ಣನ ಕತ್ತಿ ತಾಗಿದ್ದೇ ಬಸು ಎಚ್ಚರಾಗಿ ಓಣಿಯೆಲ್ಲ ಒಂದು ಮಾಡಿದ. ರಾಹು ಬಂದಿದ್ದರೂ ಆ ಅಳುವಿಗೆ ಹೆದರಿ ಹೊರಗೇ ನಿಂತಿರಬೇಕು.

ಹೋಳಿಗೆ ಊಟಕ್ಕೆ ಮಕ್ಬೂಲ್ ಭಾಯಿಯ ಪಕ್ಕದಲ್ಲೇ ಕುಳಿತೆ. ಪುಸ್ತಕದ ಗಾಡಿಗಳ ಲೆಕ್ಕ ನೆನಪಾಯಿತು. ಎದುರುಬದುರಾಗಿ ಹೊರಟ ಎರಡು ಗಾಡಿಗಳು ಎಲ್ಲಿ ಭೇಟಿಯಾಗುತ್ತವೆ ಎಂದು ಇಪ್ಪತ್ತು ವರ್ಷ ಕಲಿಸಿದ್ದೇನೆ. ನಾವಿಬ್ಬರೂ ಎದುರುಬದುರಾಗಿ ಹೊರಟು, ಗುರುತು ಹಿಡಿಯದೆ ಹಾಯ್ದು ಹೋಗಿ, ಕೊನೆಗೆ ಒಂದು ಮಗುವಿನ ನೆತ್ತಿಯ ಮೇಲೆ ಭೇಟಿಯಾದೆವು. ಇದಕ್ಕೆ ಸೂತ್ರವಿಲ್ಲ. ವಾಡಿಯಿಂದ ಚಿಂಚೋಳಿಗೆ ಐದು ನಿಮಿಷ ಎಂದ ಮೊಬೈಲನ್ನು ನಾನು ಈಗ ಹೀಯಾಳಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಊರಿನಿಂದ ಊರಿಗೆ ಇರುವ ದೂರ. ಕರೆಯಲು ಎದುರು ಬರುವವರು ಇದ್ದಾರೆಯೇ, ಬಾಗಿಲಲ್ಲಿ ಕಾಯುವವರು ಇದ್ದಾರೆಯೇ ಎಂದು ಅದು ಕೇಳಿಕೊಂಡಿಲ್ಲ, ಪಾಪ.

ಸಂಜೆ ಹೊರಡುವಾಗ ನೀಲಾ ಚೀಲಕ್ಕೆ ಹೋಳಿಗೆ ತುಂಬುತ್ತ ಹೇಳಿದಳು:

“ನೀ ಖರೇ ಹೇಳಿದ್ದಕ್ಕೇ ಇಷ್ಟೆಲ್ಲಾ ಆತು ಅಣ್ಣಾ. ಇನ್ನ ಮ್ಯಾಲ ಮೊದಲಿನಂಗೇ ಹೇಳು. ನಾ ಕಳ್ಕೋತೀನಿ.”

ಅಷ್ಟು ನಿಧಾನವಾಗಿ, ಅಷ್ಟು ನಂಬಿಕೆಯಿಂದ ಹೇಳಿದಳು. ನಾವು ಹೇಳುವುದರಿಂದ ಎಷ್ಟು ಕಳೆಯಬೇಕೆಂದು ಬಲ್ಲವರು ಬದುಕಿನಲ್ಲಿ ಮೂರೋ ನಾಲ್ಕೋ ಜನ ಇರುತ್ತಾರೆ. ಅವರನ್ನೇ ನಾವು ನಮ್ಮವರು ಎನ್ನುವುದು.

ಸೇಡಂನಲ್ಲಿ ಇಳಿದು ಹೆಂಡತಿ, ನಾನು ವಾಡಿಯ ರೈಲಿಗೆ ಸ್ಟೇಷನ್ನಿನ ಕಡೆ ನಡೆದೆವು. ಬೆಳಗಿನ ಬಾಕಿ ತೀರಿಸಲೆಂದು ಭಜಿಯವರ ಮುಂದೆ ನಿಂತೆ. ಅವರ ಮುಖದ ಆತಂಕ ಹೋಯಿತು. ಕಾಗದದಲ್ಲಿ ಬಿಸಿ ಭಜಿ ಹಿಡಿದು ಮೊದಲ ತುತ್ತು ಕಚ್ಚುವಾಗ ಫೋನು ಬಂತು, ನೀಲಾ.

“ಎಲ್ಲಿ ಬಂದ್ರಿ ಅಣ್ಣಾ?”

ಬಾಯಿಯ ಖಾರವನ್ನು ಒಂದು ಕಡೆ ಸರಿಸಿ, “ಚಿತ್ತಾಪುರ ದಾಟೀವವ್ವಾ,” ಎಂದೆ.

“ಹೌದಾ,” ಎಂದಳು. “ಆರೋದ್ರೊಳಗ ತಿನ್ನು. ವೈನಿಗೂ ಎರಡು ಕೊಡು.”

ಕೊಟ್ಟೆ.